ನಡುವಿನ ಆ ನಾನೂರು ಮೀಟರ್

(ಊರಿನ ನಡುಪೇಟೆ, ಅದರ ಸುತ್ತಲಿನ ಬೀದಿಗಳು ಮತ್ತು ನಡಿಗೆ ಕುರಿತು ಆಡಿದ ಮಾತುಗಳ ಬರಹ ರೂಪ. ಮಾತಿನ ಓಟದಲ್ಲಿ ಎರಡೆರಡು ಸಲ ಬಂದದ್ದನ್ನು ತೆಗೆದಿದ್ದೇನೆ. ಕೊನೆಯಲ್ಲಿ ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಒಂದು ಸಣ್ಣ ಲೆಕ್ಕದಿಂದ ಶುರು ಮಾಡುತ್ತೇನೆ. 400 ಮೀಟರ್ ನಡೆಯಲು ಎಷ್ಟು ಹೊತ್ತು ಬೇಕು? ಆರಾಮವಾಗಿ ಹೆಜ್ಜೆ ಹಾಕಿದರೂ ಐದು ನಿಮಿಷ ಸಾಕು. ದೊಡ್ಡ ಮಾಲ್ ಒಳಗೆ ಹೋದರೆ ಇದಕ್ಕಿಂತ ಎಷ್ಟೋ ಜಾಸ್ತಿ ನಡೆಯುತ್ತೇವೆ, ನಡೆದದ್ದು ಗೊತ್ತೇ ಆಗುವುದಿಲ್ಲ. ಅದೇ 400 ಮೀಟರ್ ನಡುಪೇಟೆಗೂ ಅದರ ಪಕ್ಕದ ಬಡಾವಣೆಗೂ ಮಧ್ಯೆ ಇದ್ದರೆ? ಗಾಡಿ ತೆಗೆಯುತ್ತೇವೆ. ಯಾಕೆ ಅಂದರೆ ‘ದೂರ’ ಅನ್ನುತ್ತೇವೆ. ಐದು ನಿಮಿಷದ ದಾರಿ ದೂರ ಹೇಗಾಯಿತು? ಇವತ್ತಿನ ನನ್ನ ಮಾತೆಲ್ಲ ಈ ಒಂದು ಪ್ರಶ್ನೆಯ ಸುತ್ತ.

ನಾನು ಬಹಳ ವರ್ಷ ರಸ್ತೆಗಳ ನಕ್ಷೆ ಬರೆದವನು. ಬೀದಿ ಚೆನ್ನಾಗಿರಬೇಕು ಅಂದರೆ ಒಳ್ಳೆಯ ಕಲ್ಲುಹಾಸು, ದೀಪದ ಕಂಬ, ಬೆಂಚು, ಸಾಲುಮರ ಅಂತಲೇ ನಂಬಿದ್ದೆ. ಪುನರಭಿವೃದ್ಧಿ ಅಂದ ಕೂಡಲೇ ಈಗಲೂ ಕಣ್ಣಿಗೆ ಬರುವ ಚಿತ್ರ ಅದೇ ಅಲ್ವಾ? ಹೊಳೆಯುವ ನೆಲ, ನಗುತ್ತ ನಡೆಯುವ ನಾಲ್ಕು ಜನ. (ಆ ಚಿತ್ರಗಳಲ್ಲಿ ಒಂದು ಮಗು ಬಲೂನು ಹಿಡಿದು ನಿಂತಿರಲೇಬೇಕು. ಮಳೆ ಮಾತ್ರ ಯಾವತ್ತೂ ಬರುತ್ತಿರುವುದಿಲ್ಲ.) ದುಡ್ಡು ಬಂದಾಗ ಅದು ನಡುಪೇಟೆಗೆ ಹೋಗುತ್ತದೆ, ಇಲ್ಲವೇ ಹೊಸದಾಗಿ ಏಳುವ ಬಡಾವಣೆಗೆ ಹೋಗುತ್ತದೆ. ಎರಡರ ನಡುವಿನ ತುಂಡು ಯಾರ ಯೋಜನೆಯಲ್ಲೂ ಇರುವುದಿಲ್ಲ. ಜನ ನಡೆಯುವುದನ್ನು ಬಿಡುವುದು ಸರಿಯಾಗಿ ಆ ತುಂಡಿನಲ್ಲಿ.

ಆ ತುಂಡಿನಲ್ಲಿ ಏನಿರುತ್ತದೆ ಎಂದು ನೋಡೋಣ. ಬೇರೆ ಬೇರೆ ದೇಶಗಳ ಊರುಗಳ ನಕ್ಷೆ ತೆಗೆದರೂ ಉತ್ತರ ಹೆಚ್ಚು ಕಡಿಮೆ ಒಂದೇ. ಅಗಲವಾದ ಒಂದು ವರ್ತುಲ ರಸ್ತೆ. ಅದರ ಪಕ್ಕ ಬಯಲು ಪಾರ್ಕಿಂಗ್ ಜಾಗ. ಕಿಟಕಿಯಿಲ್ಲದ ಉದ್ದನೆಯ ಗೋಡೆ. ಒಂದು ಫ್ಲೈಓವರ್, ಅಥವಾ ಜನ ಇಳಿದು ಹತ್ತಬೇಕಾದ ಸಬ್‌ವೇ.

ಇದನ್ನು ಯಾರೂ ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ಕಾರುಗಳು ಹೆಚ್ಚಾದವು. ಕಾರು ಒಳಗೆ ಬರಲಾಗದಿದ್ದರೆ ಪೇಟೆಯೇ ಮುಚ್ಚಿಹೋಗುತ್ತದೆ ಎಂಬ ಭಯ ನಗರಸಭೆಗಳನ್ನು ಹಿಡಿಯಿತು. ಆಗ ಹೊಳೆದ ಉಪಾಯ ವರ್ತುಲ ರಸ್ತೆ. ಒಳಗೆ ಕೆಲಸ ಇಲ್ಲದ ವಾಹನ ಸುತ್ತಿಕೊಂಡು ಹೋಗಲಿ, ಕೆಲಸ ಇರುವವರು ಅಂಚಿನಲ್ಲಿ ಕಾರು ನಿಲ್ಲಿಸಿ ಒಳಗೆ ನಡೆದುಬರಲಿ. ಕಾಗದದ ಮೇಲೆ ಎಷ್ಟು ಚೆಂದ! ನಾನೂ ಆ ಕಾಲದಲ್ಲಿ ಇದ್ದಿದ್ದರೆ ಸಹಿ ಹಾಕಿಬಿಡುತ್ತಿದ್ದೆ.

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಈ ಉಪಾಯವನ್ನು ಪೂರ್ತಿ ಮಾಡಿ ತೋರಿಸಿದ ಊರು. ಅಲ್ಲಿನ ಒಳ ವರ್ತುಲ ರಸ್ತೆಯ ಕೆಲಸ 1950ರ ದಶಕದಲ್ಲಿ ಶುರುವಾಗಿ 1971ರಲ್ಲಿ ಮುಗಿಯಿತು. ರಾಣಿಯೇ ಬಂದು ಉದ್ಘಾಟಿಸಿದರು. ರಸ್ತೆಯ ಮೇಲೆ ವಾಹನ, ರಸ್ತೆಯ ಕೆಳಗೆ ಸಬ್‌ವೇಯಲ್ಲಿ ಜನ. ವಾಹನಗಳೇನೋ ಸಲೀಸಾಗಿ ಓಡಿದವು. ಆದರೆ ಉಂಗುರದ ಒಳಗಿನ ಪೇಟೆ ಉಂಗುರದ ಅಳತೆಗೇ ನಿಂತುಬಿಟ್ಟಿತು. ಹೊರಗೆ ಕಾಲಿಟ್ಟರೆ ಮಬ್ಬು ಸುರಂಗ, ಅದನ್ನು ದಾಟಿದರೆ ಕಾರು ನಿಲ್ಲಿಸುವ ಬಯಲು. ಊರಿನವರೇ ಅದಕ್ಕೆ ‘ಕಾಂಕ್ರೀಟಿನ ಕೊರಳಪಟ್ಟಿ’ ಎಂದು ಹೆಸರಿಟ್ಟರು. ಪೇಟೆ ಬೆಳೆಯಬೇಕು ಅಂದರೆ ಕೊರಳಪಟ್ಟಿ ಬಿಚ್ಚಬೇಕು ಎಂಬ ತೀರ್ಮಾನಕ್ಕೆ 1980ರ ದಶಕದ ಕೊನೆಯ ಹೊತ್ತಿಗೆ ನಗರಸಭೆಯೇ ಬಂತು. ಪೂರ್ವ ಭಾಗದಲ್ಲಿ ಮ್ಯಾಸ್‌ಹೌಸ್ ಎಂಬಲ್ಲಿ ರಸ್ತೆ ಕಂಬಗಳ ಮೇಲೆ ಎತ್ತರದಲ್ಲಿ ಹಾದುಹೋಗುತ್ತಿತ್ತು. 2000ದ ದಶಕದ ಆರಂಭದಲ್ಲಿ ಅದನ್ನು ಒಡೆದು ನೆಲಮಟ್ಟದ ಮಾಮೂಲಿ ಬೀದಿ ಮಾಡಿದರು. ಸಿಗ್ನಲ್ ಇರುವ, ದಾಟಿ ಹೋಗಬಹುದಾದ ಬೀದಿ. ಆಚೆಗಿನ ಈಸ್ಟ್‌ಸೈಡ್ ಪ್ರದೇಶಕ್ಕೆ ಪೇಟೆಯಿಂದ ನೇರ ನಡೆದು ಹೋಗುವಂತಾಯಿತು. 2012ರಲ್ಲಿ ಅಲ್ಲಿ ಒಂದು ಉದ್ಯಾನವೂ ತೆರೆಯಿತು.

ಇದರಲ್ಲಿ ನನಗೆ ಮುಖ್ಯ ಅನ್ನಿಸುವುದು ಒಂದೇ ವಿಷಯ. ಪೇಟೆಯನ್ನಾಗಲಿ ಈಸ್ಟ್‌ಸೈಡನ್ನಾಗಲಿ ಅವರು ಹತ್ತಿರ ತರಲಿಲ್ಲ. ಮಧ್ಯದ ಅಡ್ಡಿ ತೆಗೆದರು, ಅಷ್ಟೇ.

ಅಮೆರಿಕದ ರಾಚೆಸ್ಟರ್‌ನದೂ ಇದೇ ಕಥೆ. ಅಲ್ಲಿ ಉಂಗುರ ಮೇಲಿರಲಿಲ್ಲ, ಕಂದಕದ ಹಾಗೆ ನೆಲದೊಳಗೆ ಇಳಿದಿತ್ತು. 1965ರಲ್ಲಿ ಪೂರ್ತಿಯಾದ ಆ ಹೆದ್ದಾರಿಯ ಪೂರ್ವ ಭಾಗಕ್ಕೆ 2014ರಿಂದ 2017ರವರೆಗೆ ಮಣ್ಣು ತುಂಬಿ ಸಾಧಾರಣ ಬೀದಿ ಮಾಡಿದರು. ಉಳಿದ ಜಾಗದಲ್ಲಿ ಮನೆಗಳೆದ್ದವು. ಕೋಟೆಯ ಕಂದಕ ಮುಚ್ಚಿ ಊರು ಬೆಳೆಸುವುದು ಹಳೆಯ ಕಾಲದ ರೂಢಿ. ಆದರೆ ಇಲ್ಲಿ ನಾವೇ ತೋಡಿದ ಕಂದಕವನ್ನು ಐವತ್ತೇ ವರ್ಷದಲ್ಲಿ ನಾವೇ ಮುಚ್ಚಿದ್ದೇವೆ.

ಎಲ್ಲ ಊರಿಗೂ ವರ್ತುಲ ರಸ್ತೆ ಇರಬೇಕೆಂದಿಲ್ಲ. ಅದಿಲ್ಲದೆಯೂ ದಾರಿ ಸತ್ತಿರಬಹುದು. ಹೇಗೆ? ಇನ್ನೊಂದು ಲೆಕ್ಕ ಹಾಕೋಣ.

ಒಂದು ಕಾರು ನಿಲ್ಲಲು ಬೇಕಾದ ಜಾಗ ಸುಮಾರು ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದ. ಕಾರು ಒಳಗೆ ಬರಲು, ತಿರುಗಲು, ಹೊರಗೆ ಹೋಗಲು ಬೇಕಾದ ದಾರಿಯನ್ನೂ ಸೇರಿಸಿದರೆ ತಲಾ 25ರಿಂದ 30 ಚದರ ಮೀಟರ್ ಆಗುತ್ತದೆ. ನೂರು ಕಾರಿನ ಬಯಲು ಅಂದರೆ 50 ಮೀಟರ್‌ಗೆ 60 ಮೀಟರ್. ಅದರ ಉದ್ದಕ್ಕೂ ನಡೆಯಲು ಮುಕ್ಕಾಲು ನಿಮಿಷ. ನೆರಳಿಲ್ಲ, ಬಾಗಿಲಿಲ್ಲ, ಮಾತಾಡಿಸುವ ಮನುಷ್ಯರಿಲ್ಲ. ನಡುವೆ ಎಲ್ಲಿಂದ ಕಾರು ನುಗ್ಗುತ್ತದೋ ಎಂಬ ಆತಂಕ ಬೇರೆ. ಇಂಥ ಮೂರು ಬಯಲು ಸಾಲಾಗಿದ್ದರೆ ನಿಮ್ಮ 400 ಮೀಟರಿನಲ್ಲಿ ಅರ್ಧಕ್ಕೆ ಹತ್ತಿರ ಮುಗಿದುಹೋಯಿತು.

ಗೋಡೆಯ ಲೆಕ್ಕ ಇನ್ನೂ ಚೆನ್ನಾಗಿದೆ. ನೂರು ಮೀಟರ್ ಉದ್ದದ ಬೋಳು ಗೋಡೆ ಇದೆ ಅನ್ನಿ. ಗಂಟೆಗೆ 60 ಕಿಲೋಮೀಟರ್ ವೇಗದ ಕಾರಿನಲ್ಲಿ ಕುಳಿತವರಿಗೆ ಅದು 6 ಸೆಕೆಂಡ್. ಗಂಟೆಗೆ 5 ಕಿಲೋಮೀಟರಿನಂತೆ ನಡೆಯುವವರಿಗೆ 72 ಸೆಕೆಂಡ್. ಒಂದೂಕಾಲು ನಿಮಿಷ ಸುಮ್ನೆ ಒಂದು ಗೋಡೆಯನ್ನೇ ನೋಡುತ್ತ ನಡೆದು ನೋಡಿ, ಗೊತ್ತಾಗುತ್ತದೆ. ಡೆನ್ಮಾರ್ಕಿನ ವಾಸ್ತುಶಿಲ್ಪಿ ಯಾನ್ ಗೇಲ್ ತಮ್ಮ ಜೀವಮಾನದ ಬಹುಪಾಲನ್ನು ಇದನ್ನೇ ನೋಡುತ್ತ, ಎಣಿಸುತ್ತ ಕಳೆದವರು. ಜನ ಎಲ್ಲಿ ನಿಧಾನವಾಗುತ್ತಾರೆ, ಎಲ್ಲಿ ನಿಲ್ಲುತ್ತಾರೆ, ಎಲ್ಲಿ ದಡಬಡ ದಾಟಿಬಿಡುತ್ತಾರೆ. ನೂರು ಮೀಟರಿಗೆ ಹದಿನೈದು ಬಾಗಿಲಿದ್ದರೆ ಐದು ಸೆಕೆಂಡಿಗೊಂದು ಹೊಸ ನೋಟ ಸಿಗುತ್ತದೆ. ಒಂದು ಅಂಗಡಿ, ಒಂದು ಮೆಟ್ಟಿಲು, ಒಂದು ಕಿಟಕಿ, ಒಳಗಿನಿಂದ ಒಂದು ದನಿ. ಅಷ್ಟರಲ್ಲಿ ದಾರಿ ಸವೆದಿರುತ್ತದೆ. ಮಾಲ್ ಕಟ್ಟುವವರಿಗೆ ಈ ಗುಟ್ಟು ಚೆನ್ನಾಗಿ ಗೊತ್ತು. ಅಲ್ಲಿ ಎಲ್ಲಾದರೂ ನೂರು ಮೀಟರ್ ಬೋಳು ಗೋಡೆ ನೋಡಿದ್ದೀರಾ?

ಹಾಗಾಗಿ ಹೊಸ ಕಟ್ಟಡದ ನಕ್ಷೆ ಯಾರಾದರೂ ನನ್ನ ಮುಂದಿಟ್ಟರೆ ಎಷ್ಟು ಮಹಡಿ ಎಂದು ನಾನು ಈಗ ಕೇಳುವುದಿಲ್ಲ. ನೆಲಮಹಡಿಯಲ್ಲಿ ಏನಿದೆ, ಬಾಗಿಲು ಬೀದಿಗೆ ತೆರೆಯುತ್ತದೋ ಇಲ್ಲವೋ ಎಂದು ಕೇಳುತ್ತೇನೆ. ಮೂವತ್ತು ಮಹಡಿಯಿದ್ದೂ ಬೀದಿಗೆ ಬರೀ ಪಾರ್ಕಿಂಗ್‌ನ ಜಾಲರಿ ತೋರಿಸಿದರೆ ನಡೆಯುವವರ ಪಾಲಿಗೆ ಅದು ಕಾಂಪೌಂಡ್ ಗೋಡೆಯೇ. ಎರಡೇ ಮಹಡಿಯಿದ್ದು ಆರು ಬಾಗಿಲಿದ್ದರೆ ಅದು ಬೀದಿ.

ಬೀದಿಗಳು ಎಷ್ಟು ದೂರಕ್ಕೊಂದು ಕೂಡುತ್ತವೆ ಎಂಬುದೂ ದೊಡ್ಡ ಮಾತು. ಅಮೆರಿಕದ ಎರಡು ಊರು ಹೋಲಿಸಿ ನೋಡಿ. ಪೋರ್ಟ್‌ಲೆಂಡಿನ ನಡುಪೇಟೆಯಲ್ಲಿ ಒಂದು ಬ್ಲಾಕಿನ, ಅಂದರೆ ನಾಲ್ಕು ಬೀದಿಗಳ ನಡುವಿನ ತುಂಡಿನ, ಬದಿ 61 ಮೀಟರ್. ಸಾಲ್ಟ್ ಲೇಕ್ ಸಿಟಿಯಲ್ಲಿ 201 ಮೀಟರ್. ಅಲ್ಲಿನ ಬೀದಿಗಳೂ ಸುಮಾರು 40 ಮೀಟರ್ ಅಗಲ. ಪೋರ್ಟ್‌ಲೆಂಡಿನಲ್ಲಿ 400 ಮೀಟರ್ ನಡೆದರೆ ಸುಮಾರು ಐದು ಮೂಲೆ ಸಿಗುತ್ತವೆ. ಐದು ಸಲ ಮನಸ್ಸು ಬದಲಿಸಬಹುದು, ಅಡ್ಡ ತಿರುಗಬಹುದು. ಸಾಲ್ಟ್ ಲೇಕ್‌ನಲ್ಲಿ ಒಂದೋ ಎರಡೋ ಮೂಲೆ. ಚಿಕ್ಕ ಬ್ಲಾಕ್ ಬೀದಿಗೆ ಜೀವ ತರುತ್ತದೆ ಎಂದು ನ್ಯೂಯಾರ್ಕಿನ ಜೇನ್ ಜೇಕಬ್ಸ್ 1960ರ ದಶಕದ ಆರಂಭದಲ್ಲೇ ಹೇಳಿದ್ದರು. ಆಕೆ ಎಂಜಿನಿಯರ್ ಅಲ್ಲ, ಪ್ಲಾನರ್ ಅಲ್ಲ, ಪತ್ರಕರ್ತೆ. ನಮ್ಮ ಕಸುಬಿನವರಿಗೆ ಆಗ ಅದೇ ಸಿಟ್ಟು. ಈಗಾಗಲೇ ಕಟ್ಟಿದ ದೊಡ್ಡ ಬ್ಲಾಕನ್ನು ಚಿಕ್ಕದು ಮಾಡಲಾಗದು, ನಿಜ. ಆದರೆ ಹೊಸ ಕಟ್ಟಡ ಬರುವಾಗ ಬ್ಲಾಕಿನ ನಡುವೆ ಒಂದು ಓಣಿ ಬಿಡಿಸಬಹುದು. ಸಾಲ್ಟ್ ಲೇಕ್‌ನವರು ಈಗ ಅದನ್ನೇ ಮಾಡಿಸುತ್ತಿದ್ದಾರೆ.

ಈಗ ನನ್ನದೇ ಒಂದು ತಪ್ಪು ಹೇಳುತ್ತೇನೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಜಂಕ್ಷನ್ನಿನ ನಕ್ಷೆ ಬರೆದೆ. ನಡುಪೇಟೆಯ ಅಂಚಿನಲ್ಲಿತ್ತು. ಫುಟ್‌ಪಾತ್ ಅಗಲ ಮಾಡಿದ್ದೆ, ರಾಂಪ್ ಹಾಕಿದ್ದೆ, ಒಳ್ಳೆಯ ಕಲ್ಲು ಆರಿಸಿದ್ದೆ. ಮೂಲೆಯ ತಿರುವನ್ನು ಮಾತ್ರ ದೊಡ್ಡ ಲಾರಿ ಒಂದೇ ಸಲಕ್ಕೆ ತಿರುಗಲಿ ಎಂದು ಚೆನ್ನಾಗಿ ದುಂಡಗೆ ಬಿಟ್ಟಿದ್ದೆ. ಕೆಲಸ ಮುಗಿದ ಮೇಲೆ ಹೋಗಿ ಅರ್ಧ ಗಂಟೆ ನಿಂತೆ. ಆ ಅರ್ಧ ಗಂಟೆಯಲ್ಲಿ ಒಂದೂ ದೊಡ್ಡ ಲಾರಿ ಬರಲಿಲ್ಲ. ಕಾರುಗಳು ಬಂದವು. ತಿರುವು ದುಂಡಗಿದ್ದ ಕಾರಣ ಬ್ರೇಕ್ ಮುಟ್ಟದೆಯೇ ತಿರುಗುತ್ತಿದ್ದವು. ಮೂಲೆ ದುಂಡಗಾದಷ್ಟೂ ದಾಟಬೇಕಾದ ದೂರವೂ ಜಾಸ್ತಿ. ಒಬ್ಬ ಅಜ್ಜಿ ಕೈಚೀಲ ಹಿಡಿದು ನಿಂತಿದ್ದರು. ಮೂರು ಸಲ ಕಾಲು ಮುಂದಿಟ್ಟು ಮೂರು ಸಲವೂ ಹಿಂದೆ ತೆಗೆದರು. ಆಮೇಲೆ ಬಂದ ದಾರಿಯಲ್ಲೇ ವಾಪಸ್ ಹೋದರು. ನಾನು ಆರಿಸಿದ ಕಲ್ಲಿನ ಮೇಲೆಯೇ.

ಸಿಗ್ನಲ್ ಇದ್ದರೂ ಸಮಸ್ಯೆ ಪೂರ್ತಿ ಹೋಗುವುದಿಲ್ಲ. ಹಳೆಯ ಲೆಕ್ಕದ ಪ್ರಕಾರ ಮನುಷ್ಯ ಸೆಕೆಂಡಿಗೆ 1.2 ಮೀಟರ್ ನಡೆಯುತ್ತಾನೆ. 20 ಮೀಟರ್ ಅಗಲದ ರಸ್ತೆಗೆ 17 ಸೆಕೆಂಡ್ ಕೊಟ್ಟರೆ ಸಾಕು ಎಂದಾಯಿತು. ಆ ಅಜ್ಜಿಯಂಥವರು ಸೆಕೆಂಡಿಗೆ 0.8 ಮೀಟರ್ ನಡೆದರೆ 25 ಸೆಕೆಂಡ್ ಬೇಕು. ಉಳಿದ 8 ಸೆಕೆಂಡ್ ಅವರು ರಸ್ತೆಯ ನಡುವೆ, ಹಸಿರು ದೀಪ ಬಿದ್ದ ವಾಹನಗಳ ಎದುರು. ಇದಕ್ಕೆ ಮದ್ದು ದುಬಾರಿಯೇನಲ್ಲ. ಮೂಲೆಯ ತಿರುವು ಬಿಗಿ ಮಾಡಬೇಕು, ಫುಟ್‌ಪಾತನ್ನು ಮೂಲೆಯಲ್ಲಿ ಸ್ವಲ್ಪ ಮುಂದಕ್ಕೆ ಚಾಚಬೇಕು, ರಸ್ತೆ ಅಗಲ ಇದ್ದರೆ ನಡುವೆ ನಿಲ್ಲಲು ಒಂದು ದಿಬ್ಬ ಕೊಡಬೇಕು. ಲೇನ್ ಕಿರಿದಾದರೆ ವೇಗ ತಾನಾಗಿ ಇಳಿಯುತ್ತದೆ. ಬೋರ್ಡ್ ಹಾಕಿದರೆ ಇಳಿಯುವುದಿಲ್ಲ.

ಕಣ್ಣು ಕಾಣದವರ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಫುಟ್‌ಪಾತಿನಲ್ಲಿ ಉಬ್ಬು ಗೆರೆ, ಉಬ್ಬು ಚುಕ್ಕಿಗಳ ಹಳದಿ ಟೈಲ್ಸ್ ನೋಡಿರುತ್ತೀರಿ. ಅದು ಜಪಾನಿನ ಸೇಯಿಚಿ ಮಿಯಾಕೆ ಅವರ ಯೋಚನೆ. 1967ರಲ್ಲಿ ಒಕಯಾಮದಲ್ಲಿ ಅಂಧರ ಶಾಲೆಯ ಹತ್ತಿರ ಮೊದಲು ಹಾಕಿದರು. ಗೆರೆ ಅಂದರೆ ನಡೆ, ಚುಕ್ಕಿ ಅಂದರೆ ನಿಲ್ಲು. ಇಷ್ಟು ಸರಳ. ಆದರೂ ಗೆರೆ ನೇರವಾಗಿ ಹೋಗಿ ಕರೆಂಟ್ ಕಂಬಕ್ಕೆ ಡಿಕ್ಕಿ ಹೊಡೆಯುವುದನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ. ಚೆಂದಕ್ಕೆ ಹಾಕಿದ ಹಳದಿ ಪಟ್ಟಿ ಎಂದುಕೊಂಡಿರಬೇಕು ಪಾಪ.

ವಾಹನ ಹೆಚ್ಚಾದರೆ ದಾಟುವುದಷ್ಟೇ ಕಷ್ಟವಾಗುವುದಿಲ್ಲ. ಡೊನಾಲ್ಡ್ ಆಪಲ್‌ಯಾರ್ಡ್ ಎಂಬ ಪ್ರಾಧ್ಯಾಪಕರು 1960ರ ದಶಕದ ಕೊನೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಮೂರು ಬೀದಿಗಳನ್ನು ನೋಡಿದರು. ಮನೆಗಳೆಲ್ಲ ಒಂದೇ ಥರ, ವಾಹನದ ಸಂಖ್ಯೆ ಮಾತ್ರ ಬೇರೆ. ದಿನಕ್ಕೆ ಸುಮಾರು 2,000 ವಾಹನ ಓಡಾಡುವ ಬೀದಿಯಲ್ಲಿ ಒಬ್ಬರಿಗೆ ಸರಾಸರಿ ಮೂವರು ಸ್ನೇಹಿತರಿದ್ದರು. ಸುಮಾರು 16,000 ವಾಹನ ಓಡಾಡುವ ಬೀದಿಯಲ್ಲಿ ಒಬ್ಬರೂ ಪೂರ್ತಿ ಇರಲಿಲ್ಲ, ಸರಾಸರಿ 0.9. ನಿಮ್ಮ ಮನೆ ಎಲ್ಲಿಯವರೆಗೆ ಎಂದು ಕೇಳಿದರೆ ಮೊದಲ ಬೀದಿಯವರು ಇಡೀ ಬೀದಿಯನ್ನು ತೋರಿಸಿದರು. ಮೂರನೆಯ ಬೀದಿಯವರು ತಮ್ಮ ಬಾಗಿಲ ಒಳಗಷ್ಟೇ ಗೆರೆ ಎಳೆದರು.

ಹಾಗಾದರೆ ವಾಹನ ಪೂರ್ತಿ ನಿಲ್ಲಿಸಿಬಿಟ್ಟರೆ ಸರಿಹೋಗುತ್ತದಾ? ಇಲ್ಲಿ ಸ್ವಲ್ಪ ನಿಲ್ಲೋಣ. ಅರ್ಧ ಉತ್ತರ ಹಿಡಿದುಕೊಂಡು ಊರುಗಳು ಮೋಸ ಹೋದದ್ದು ಇಲ್ಲೇ.

ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್‌ನ ಸ್ಟ್ರಾಯೆಟ್ ಬೀದಿ ಒಂದು ಕಿಲೋಮೀಟರಿಗಿಂತ ಸ್ವಲ್ಪ ಉದ್ದ. 1962ರ ನವೆಂಬರಿನಲ್ಲಿ ಪ್ರಯೋಗಕ್ಕೆಂದು ಅಲ್ಲಿ ಕಾರು ಬಿಡುವುದನ್ನು ನಿಲ್ಲಿಸಿದರು. ಅಂಗಡಿಯವರು ಸಿಟ್ಟಾದರು. ಬೀದಿಯಲ್ಲಿ ಅಡ್ಡಾಡಲು ನಾವೇನು ಇಟಲಿಯವರಾ, ಈ ಚಳಿಯಲ್ಲಿ ಯಾರು ನಡೆಯುತ್ತಾರೆ ಎಂದು ಆಕ್ಷೇಪಿಸಿದರು. ಜನ ನಡೆದರು. 1964ರಲ್ಲಿ ಪ್ರಯೋಗವೇ ಕಾಯಂ ಆಯಿತು.

ಅದಕ್ಕೂ ಮೊದಲೇ, 1959ರಲ್ಲಿ, ಅಮೆರಿಕದ ಕ್ಯಾಲಮಜೂ ಎಂಬ ಊರು ತನ್ನ ಪೇಟೆ ಬೀದಿಗೆ ಕಾರು ಬಿಡುವುದನ್ನು ನಿಲ್ಲಿಸಿತ್ತು. ಆ ದೇಶದಲ್ಲಿ ಅದೇ ಮೊದಲು. ಅದನ್ನು ನೋಡಿ ನೂರಕ್ಕೂ ಜಾಸ್ತಿ ಊರುಗಳು ಹಾಗೆಯೇ ಮಾಡಿದವು. 1964ರಲ್ಲಿ ಫ್ರೆಸ್ನೋದ ಫುಲ್ಟನ್ ಬೀದಿಯಲ್ಲಿ ಕಾರಂಜಿ, ಶಿಲ್ಪ, ಮರ ಎಲ್ಲ ಇಟ್ಟು ಅದ್ಭುತವಾಗಿ ಕಟ್ಟಿದರು. ದೊಡ್ಡ ಹೆಸರಿನ ವಿನ್ಯಾಸಕಾರರೇ ಮಾಡಿದ್ದು. ಕೊನೆಗೇನಾಯಿತು? ಅಂಗಡಿಗಳು ಒಂದೊಂದಾಗಿ ಮುಚ್ಚಿದವು. ಕ್ಯಾಲಮಜೂ 1998ರಲ್ಲಿ ಬೀದಿಗೆ ಮತ್ತೆ ಕಾರು ಬಿಟ್ಟಿತು, ಫ್ರೆಸ್ನೋ 2017ರಲ್ಲಿ. ಉಳಿದ ಊರುಗಳಲ್ಲೂ ಹೆಚ್ಚಿನವು ಇದೇ ದಾರಿ ಹಿಡಿದವು.

ಔಷಧಿ ಒಂದೇ, ಒಬ್ಬರಿಗೆ ವಾಸಿಯಾಯಿತು, ಇನ್ನೊಬ್ಬರಿಗೆ ಆಗಲಿಲ್ಲ. ಯಾಕೆ? ಅಮೆರಿಕದವರಿಗೆ ನಡೆಯುವ ಸಂಸ್ಕೃತಿ ಇಲ್ಲ ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಡೆನ್ಮಾರ್ಕಿನವರ ಬಗ್ಗೆಯೂ ಇದೇ ಮಾತು ಬಂದಿತ್ತಲ್ಲ.

ಬೀದಿಯಿಂದ ಆಚೆ ನೋಡಿ. ಸ್ಟ್ರಾಯೆಟ್‌ನ ಸುತ್ತ ಹಳೆಯ ಊರಿನ ಕಿರಿದಾದ ಬೀದಿಗಳಿವೆ. ಮೇಲ್ಮಹಡಿಗಳಲ್ಲಿ ಮನೆಗಳಿವೆ. ಒಂದು ತುದಿಗೆ ನಗರಸಭೆಯ ಚೌಕ, ಇನ್ನೊಂದು ತುದಿಗೆ ಇನ್ನೊಂದು ದೊಡ್ಡ ಚೌಕ. ಎಲ್ಲಿಂದ ಬಂದರೂ ನಡೆದೇ ಒಳಗೆ ಸೇರಬಹುದು. ಅಮೆರಿಕದ ಊರುಗಳಲ್ಲಿ ಆ ಹೊತ್ತಿಗೆ ಜನ ಹೊರವಲಯದ ಬಡಾವಣೆಗಳಿಗೆ ಹೋಗಿಯಾಗಿತ್ತು. ಕಾರಿಲ್ಲದ ನಾಲ್ಕು ಬ್ಲಾಕಿನ ಸುತ್ತ ಪಾರ್ಕಿಂಗ್ ಬಯಲು, ಅದರ ಸುತ್ತ ಅಗಲವಾದ ರಸ್ತೆ. ನಡೆದು ತಲುಪಲಾಗದ ನಡಿಗೆಯ ಬೀದಿ! ಕಾರಿನಲ್ಲಿ ಬಂದು, ಬಯಲಿನಲ್ಲಿ ಬಿಟ್ಟು, ನಡೆದು, ವಾಪಸ್ ಹೋಗಬೇಕು. ಅದಕ್ಕಿಂತ ಹೊರವಲಯದ ಮಾಲ್ ವಾಸಿ ಎಂದು ಜನ ಲೆಕ್ಕ ಹಾಕಿದರೆ ತಪ್ಪೇನು?

ಅಮೆರಿಕದಲ್ಲೇ ಉಳಿದುಕೊಂಡ ಬೀದಿಗಳೂ ಇವೆ. ಬೌಲ್ಡರ್‌ನ ಪರ್ಲ್ ಸ್ಟ್ರೀಟ್, ಬರ್ಲಿಂಗ್ಟನ್‌ನ ಚರ್ಚ್ ಸ್ಟ್ರೀಟ್, ಶಾರ್ಲಟ್ಸ್‌ವಿಲ್‌ನ ಪೇಟೆ ಬೀದಿ. ಮೂರೂ ವಿಶ್ವವಿದ್ಯಾಲಯ ಇರುವ ಊರುಗಳು. ಮೂರರಲ್ಲೂ ವಿದ್ಯಾರ್ಥಿಗಳ, ಸಂಸಾರಸ್ಥರ ಮನೆಗಳು ಹತ್ತಿರದಲ್ಲೇ ಇವೆ. ಬೀದಿ ಉಳಿಯಲು ಕಾರಂಜಿ ಬೇಕಾಗಿರಲಿಲ್ಲ, ಪಕ್ಕದ ಬೀದಿಗಳು ಸರಿ ಇರಬೇಕಾಗಿತ್ತು.

ಕೋಪನ್‌ಹೇಗನ್‌ನವರು ಇನ್ನೊಂದು ಜಾಣತನ ಮಾಡಿದರು. ಒಂದೇ ಸಲಕ್ಕೆ ಎಲ್ಲ ಮಾಡಲಿಲ್ಲ. ಒಂದು ಬೀದಿ, ಆಮೇಲೆ ಪಕ್ಕದ್ದು, ಆಮೇಲೆ ಒಂದು ಚೌಕ. ಪಾರ್ಕಿಂಗ್ ಜಾಗವನ್ನು ವರ್ಷಕ್ಕೆ ಸ್ವಲ್ಪ ಸ್ವಲ್ಪವೇ ತೆಗೆದರು. 1962ರಲ್ಲಿ ಸುಮಾರು 16,000 ಚದರ ಮೀಟರ್ ಇದ್ದ ಕಾರಿಲ್ಲದ ಜಾಗ 2000ದ ಹೊತ್ತಿಗೆ ಹತ್ತಿರ ಹತ್ತಿರ ಒಂದು ಲಕ್ಷ ಚದರ ಮೀಟರ್ ಆಗಿತ್ತು. ಸುಮಾರು ನಲವತ್ತು ವರ್ಷ. ಯಾವ ಮೇಯರ್‌ಗೂ ತನ್ನ ಅವಧಿಯಲ್ಲಿ ಮುಗಿಸಿ ರಿಬ್ಬನ್ ಕತ್ತರಿಸುವ ಭಾಗ್ಯ ಸಿಗದ ಯೋಜನೆ ಇದು.

ತಾಳ್ಮೆ ಇಲ್ಲದವರಿಗೆ ಇನ್ನೊಂದು ದಾರಿ ಇದೆ, ಅಗ್ಗದ್ದು. ಮೊದಲು ಬಣ್ಣ ಬಳಿದು ನೋಡುವುದು. ನ್ಯೂಯಾರ್ಕಿನಲ್ಲಿ ಜನೆಟ್ ಸಾದಿಕ್-ಖಾನ್ ಸಾರಿಗೆ ಆಯುಕ್ತೆಯಾಗಿದ್ದಾಗ, 2009ರ ಮೇ ತಿಂಗಳಲ್ಲಿ, ಟೈಮ್ಸ್ ಸ್ಕ್ವೇರ್‌ನಲ್ಲಿ ಬ್ರಾಡ್‌ವೇಯ ಐದು ಬ್ಲಾಕುಗಳಿಗೆ ಕಾರು ಬಿಡುವುದನ್ನು ನಿಲ್ಲಿಸಿದರು. ಕೂರಲು ಏನೂ ತಯಾರಿರಲಿಲ್ಲ. ಮನೆ ಅಂಗಳದಲ್ಲಿ ಹಾಕಿಕೊಳ್ಳುವ ಮಡಚುವ ಕುರ್ಚಿಗಳನ್ನು ತಂದು ಟಾರಿನ ಮೇಲೆ ಇಟ್ಟರು. ಪತ್ರಿಕೆಗಳು ಕುರ್ಚಿಯ ಬಗ್ಗೆ ಜಗಳ ಆಡಿದವೇ ಹೊರತು ಕಾರಿನ ಬಗ್ಗೆ ಅಷ್ಟು ಆಡಲಿಲ್ಲ. ನಗರದ ವರದಿಯ ಪ್ರಕಾರ ಆ ಭಾಗದಲ್ಲಿ ಗಾಯಗೊಳ್ಳುವ ಪಾದಚಾರಿಗಳ ಸಂಖ್ಯೆ ಶೇಕಡಾ 35ರಷ್ಟು, ವಾಹನದೊಳಗಿನವರ ಸಂಖ್ಯೆ ಶೇಕಡಾ 63ರಷ್ಟು ಇಳಿಯಿತು. 2010ರಲ್ಲಿ ಕಾಯಂ ಆಯಿತು. ತಪ್ಪಾಗಿದ್ದರೆ ಕುರ್ಚಿ ಮಡಚಿ ಇಟ್ಟರೆ ಆಗುತ್ತಿತ್ತು.

ಸ್ಪೇನಿನ ಪೊಂಟೆವೆದ್ರಾ ಬಗ್ಗೆ ಒಂದೇ ಮಾತು ಹೇಳುತ್ತೇನೆ, ಅದರ ಕಥೆ ಬಹಳ ಜನ ಹೇಳಿದ್ದಾರೆ. ಸುಮಾರು 80,000 ಜನರ ಊರು. 1999ರಿಂದ ನಡು ಊರಿನಲ್ಲಿ ಕಾರು ಕಡಿಮೆ ಮಾಡುತ್ತ ಬಂದರು. ನನಗೆ ಇಷ್ಟವಾದದ್ದು ಅವರ ‘ಮೆಟ್ರೊಮಿನುಟೊ’ ಎಂಬ ನಕ್ಷೆ. ನೋಡಲು ಮೆಟ್ರೋ ರೈಲಿನ ನಕ್ಷೆಯ ಹಾಗೆಯೇ ಇದೆ, ಬಣ್ಣದ ಗೆರೆ, ನಿಲ್ದಾಣ ಎಲ್ಲ. ಆದರೆ ಆ ಊರಿನಲ್ಲಿ ಮೆಟ್ರೋ ಇಲ್ಲ. ಗೆರೆಗಳೆಲ್ಲ ನಡೆಯುವ ದಾರಿ, ಅವುಗಳ ಮೇಲೆ ಬರೆದದ್ದು ನಡೆಯಲು ಬೇಕಾದ ನಿಮಿಷ. ‘ದೂರ’ ಅನ್ನುವವರ ಕೈಗೆ ಕೊಡಲು ಇದಕ್ಕಿಂತ ಒಳ್ಳೆಯ ಕಾಗದ ಇಲ್ಲ.

ಮಾತು ಮುಗಿಸುವ ಮುಂಚೆ ಕೇಳಿದ ಎರಡು ಪ್ರಶ್ನೆ.

ಮೊದಲನೆಯದು ಅಂಗಡಿ ಇಟ್ಟುಕೊಂಡ ಒಬ್ಬರದು: “ಪಾರ್ಕಿಂಗ್ ತೆಗೆದರೆ ನಮ್ಮ ವ್ಯಾಪಾರ ಏನಾಗಬೇಕು ಸರ್?”

ನ್ಯಾಯವಾದ ಪ್ರಶ್ನೆ. ಅಂಗಡಿಯವರನ್ನು ಹಟಮಾರಿಗಳು ಎಂದು ಬಯ್ಯುವುದು ಸುಲಭ, ಆದರೆ ನಷ್ಟ ಆದರೆ ಆಗುವುದು ಅವರಿಗೇ, ನನಗಲ್ಲ. ಕ್ಯಾಲಿಫೋರ್ನಿಯಾದ ಪಸಡೀನಾದ ಹಳೆಯ ಪೇಟೆಯನ್ನು ನೋಡಿ. ಒಂದು ಕಾಲಕ್ಕೆ ಪಾಳು ಬಿದ್ದಿತ್ತು. ಅಲ್ಲಿ ಪಾರ್ಕಿಂಗ್ ಪುಕ್ಕಟೆ ಇತ್ತು, ಆದರೆ ಗಿರಾಕಿಗಳಿಗೆ ಜಾಗ ಸಿಗುತ್ತಿರಲಿಲ್ಲ. ಅಂಗಡಿಗಳ ಕೆಲಸದವರೇ ಬೆಳಿಗ್ಗೆ ಬಂದು ಬಾಗಿಲ ಮುಂದೆ ಕಾರು ನಿಲ್ಲಿಸಿ ಸಂಜೆಯವರೆಗೆ ತೆಗೆಯುತ್ತಿರಲಿಲ್ಲ. ಪಾರ್ಕಿಂಗ್ ಮೀಟರ್ ಹಾಕುತ್ತೇವೆ ಎಂದಾಗ ಅಂಗಡಿಯವರು ವಿರೋಧಿಸಿದರು. ಮೀಟರ್ ದುಡ್ಡನ್ನು ಇದೇ ಪೇಟೆಯ ಫುಟ್‌ಪಾತು, ದೀಪ, ಓಣಿಗಳಿಗೇ ಖರ್ಚು ಮಾಡುತ್ತೇವೆ ಎಂದು ನಗರಸಭೆ ಹೇಳಿದ ಮೇಲೆ ಒಪ್ಪಿದರು. 1993ರಲ್ಲಿ ಮೀಟರ್ ಬಂದವು. ಕಾರುಗಳು ಬಂದು ಹೋಗಲು ಶುರುವಾಯಿತು, ಬೀದಿ ರಿಪೇರಿಯಾಯಿತು, ಜನ ಬಂದರು. ಇಲ್ಲಿ ಪಾರ್ಕಿಂಗ್ ತೆಗೆಯಲೇ ಇಲ್ಲ ಎಂಬುದನ್ನು ಗಮನಿಸಿ. ದುಡ್ಡು ಎಲ್ಲಿಗೆ ಹೋಗುತ್ತದೆ ಎಂದು ಕಣ್ಣಿಗೆ ಕಾಣುವ ಹಾಗೆ ಮಾಡಿದರು.

ಎಷ್ಟೇ ಮಾಡಿದರೂ ಎಲ್ಲರೂ ಒಪ್ಪುವುದಿಲ್ಲ. ವಿಯೆನ್ನಾದ ಮರಿಯಾಹಿಲ್ಫರ್ ಬೀದಿಯಲ್ಲಿ ಕಾರು ಕಡಿಮೆ ಮಾಡುವ ವಿಷಯ 2014ರಲ್ಲಿ ಮತಕ್ಕೇ ಹೋಯಿತು. ಅಕ್ಕಪಕ್ಕದ ಎರಡು ಜಿಲ್ಲೆಗಳ ನಿವಾಸಿಗಳಲ್ಲಿ ಪರವಾಗಿ ಬಂದದ್ದು ಶೇಕಡಾ 53. ಅಷ್ಟರಲ್ಲೇ ಕೆಲಸ ನಡೆಯಿತು.

ಎರಡನೆಯ ಪ್ರಶ್ನೆ ಹಿಂದಿನ ಸಾಲಿನಿಂದ, ಒಬ್ಬ ಹುಡುಗಿಯದು: “ಬೀದಿ ಚೆಂದ ಆದ ಮೇಲೆ ಅಲ್ಲಿ ಮೊದಲಿಂದ ಇದ್ದವರು ಎಲ್ಲಿಗೆ ಹೋಗಬೇಕು?”

ಇದಕ್ಕೆ ನನ್ನ ಹತ್ತಿರ ಸಮಾಧಾನದ ಉತ್ತರ ಇಲ್ಲ. ದಕ್ಷಿಣ ಕೊರಿಯಾದ ಸೋಲ್ ನಗರದ ಚಂಗ್ಯೆಚಾನ್ ಹೊಳೆಯ ಕಥೆಯನ್ನು ನಮ್ಮ ಕಸುಬಿನವರು ಎಲ್ಲ ಕಡೆ ಹೆಮ್ಮೆಯಿಂದ ಹೇಳುತ್ತಾರೆ. ನಾನೂ ಹೇಳಿದ್ದೇನೆ. ಹೊಳೆಯನ್ನು ಮುಚ್ಚಿ ರಸ್ತೆ ಮಾಡಿದ್ದರು, ಅದರ ಮೇಲೊಂದು ಫ್ಲೈಓವರ್ ಕಟ್ಟಿದ್ದರು. ಎರಡೂ ಸೇರಿ ದಿನಕ್ಕೆ ಒಂದೂವರೆ ಲಕ್ಷಕ್ಕೂ ಜಾಸ್ತಿ ವಾಹನ. 2003ರಲ್ಲಿ ಒಡೆಯಲು ಶುರು ಮಾಡಿ 2005ರಲ್ಲಿ ಸುಮಾರು 5.8 ಕಿಲೋಮೀಟರ್ ಉದ್ದದ ಹೊಳೆಯನ್ನು ತೆರೆದರು. ಊರು ಸ್ತಬ್ಧವಾಗುತ್ತದೆ ಎಂದವರ ಮಾತು ಸುಳ್ಳಾಯಿತು. ನಡುವೆ, 2004ರಲ್ಲಿ, ಬಸ್ಸುಗಳಿಗೆ ರಸ್ತೆ ನಡುವೆ ಪ್ರತ್ಯೇಕ ಲೇನ್ ಕೊಟ್ಟಿದ್ದರು, ಅದೂ ಸಹಾಯಕ್ಕೆ ಬಂತು. ಇಷ್ಟು ಎಲ್ಲರೂ ಹೇಳುವ ಭಾಗ.

ಆ ಫ್ಲೈಓವರಿನ ಕೆಳಗೆ, ಅಕ್ಕಪಕ್ಕ, ಬೀದಿ ವ್ಯಾಪಾರಿಗಳು ಇದ್ದರು. ಬಹಳ ಜನ. ಅವರಲ್ಲಿ ಅನೇಕರನ್ನು ಹತ್ತಿರದ ದೊಂಗ್‌ದೆಮುನ್ ಕ್ರೀಡಾಂಗಣದ ಒಳಗೆ ಕಳಿಸಿದರು. ಕೆಲವೇ ವರ್ಷಗಳಲ್ಲಿ ಆ ಕ್ರೀಡಾಂಗಣವನ್ನೂ ಒಡೆದರು, ಅಲ್ಲೊಂದು ದೊಡ್ಡ ವಿನ್ಯಾಸ ಕೇಂದ್ರ ಕಟ್ಟಲು. ವ್ಯಾಪಾರಿಗಳು ಮತ್ತೆ ಗಂಟು ಕಟ್ಟಿದರು. 2014ರಲ್ಲಿ ಆ ಕೇಂದ್ರ ತೆರೆಯಿತು. ಫೋಟೋಗಳಲ್ಲಿ ತುಂಬಾ ಚೆನ್ನಾಗಿ ಕಾಣುತ್ತದೆ.

ಮಾಡಬಹುದಾದ ಕೆಲಸಗಳು ಇಲ್ಲವೆಂದಲ್ಲ. ಕೆಲಸ ಶುರುವಾಗುವ ಮೊದಲೇ ದೀರ್ಘ ಅವಧಿಯ ಬಾಡಿಗೆ ಕರಾರು ಮಾಡಿಸಬಹುದು. ಖಾಲಿ ಪಾರ್ಕಿಂಗ್ ಬಯಲು ಬಹಳ ಕಡೆ ಸರ್ಕಾರದ್ದೇ ಆಗಿರುತ್ತದೆ, ಅಲ್ಲಿ ಕಡಿಮೆ ಬಾಡಿಗೆಯ ಮನೆಗಳನ್ನು ಕಟ್ಟಬಹುದು. ನಾನು ಹೇಳಿದ ಆ ನಡುವಿನ 400 ಮೀಟರ್ ತುಂಬುವುದು ಅದರಿಂದಲೇ. ಚಿಕ್ಕ ಅಂಗಡಿಗಳಿಗೆ ಆಗುವ ಅಳತೆಯ ನೆಲಮಹಡಿ ಕೇಳಬಹುದು. ಆದರೆ ಇದಕ್ಕೆಲ್ಲ ಮೊದಲು ಅಲ್ಲಿ ಯಾರ್‍ಯಾರಿದ್ದಾರೆ ಎಂಬ ಪಟ್ಟಿ ಬೇಕು. ನಾನು ಓದಿದ ಯೋಜನಾ ವರದಿಗಳಲ್ಲಿ ಮರಗಳ ಪಟ್ಟಿ ಇರುತ್ತದೆ, ಕಾಂಡದ ಸುತ್ತಳತೆ ಸಮೇತ. ಮ್ಯಾನ್‌ಹೋಲ್‌ಗಳ ಪಟ್ಟಿ ಇರುತ್ತದೆ. ದೀಪದ ಕಂಬಗಳ ಪಟ್ಟಿ ಇರುತ್ತದೆ. ಬಾಡಿಗೆದಾರರ ಪಟ್ಟಿ ಇರುವ ವರದಿ ನನ್ನ ಕೈಗೆ ಇನ್ನೂ ಒಂದೂ ಬಂದಿಲ್ಲ.